ಕೋರೆಗಾಂವ್ ಪಾರ್ಕಿನಲ್ಲಿ ಎಲ್ಲಿ ಉಣ್ಣಬೇಕೆಂದರೆ

ಕೋರೆಗಾಂವ್ ಪಾರ್ಕಿನಲ್ಲಿ ಎಲ್ಲಿ ಏನು ತಿನ್ನಬೇಕು, ಏನು ಕುಡಿಯಬೇಕು ಎಂಬುದು ನನ್ನಷ್ಟು ಗೊತ್ತಿದ್ದವರು ಆಗ ಪುಣೆಯ ಕನ್ನಡಿಗರಲ್ಲಿ ಇನ್ನೊಬ್ಬರಿರಲಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ. ತೊಂಬತ್ತರ ದಶಕದ ಶುರುವಿನಲ್ಲಿ ಮದುವೆಯಾಗಿ ಧಾರವಾಡದಿಂದ ಬಂದವಳು ನಾನು. ಮರುವರ್ಷವೇ ಅಲ್ಲಿಯ ಒಂದು ಬ್ಯಾಂಕಿನ ಶಾಖೆಯಲ್ಲಿ ಕೆಲಸ ಸಿಕ್ಕಿತು. ಮಧ್ಯಾಹ್ನ ಉಳಿದವರೆಲ್ಲ ಡಬ್ಬಿ ಬಿಚ್ಚಿ ಕೂತರೆ ನಾನು ಚಪ್ಪಲಿ ಮೆಟ್ಟಿ ಹೊರಗೆ ಬೀಳುತ್ತಿದ್ದೆ. ಮನೆಯಿಂದ ಡಬ್ಬಿ ತರದ ಹೆಂಗಸು ಎಂದು ಮೊದಮೊದಲು ನನ್ನ ಬೆನ್ನ ಹಿಂದೆ ಗುಸುಗುಸು ನಡೆಯಿತು. ಆಮೇಲೆ ಅದೇ ಜನ ತಮ್ಮ ನೆಂಟರು ಬಂದಾಗ ಎಲ್ಲಿಗೆ ಕರೆದುಕೊಂಡು ಹೋಗುವುದು ಎಂದು ನನ್ನನ್ನೇ ಕೇಳತೊಡಗಿದರು.

ಊರಿನ ಆ ಭಾಗ ಚೆಂದವಿತ್ತು. ರಸ್ತೆಯ ಎರಡೂ ಬದಿಗೆ ಹಳೆಯ ಆಲದ ಮರಗಳು. ಬಿಳಲುಗಳು ಬಂಗಲೆಗಳ ಕಾಂಪೌಂಡಿನ ಮೇಲೆ ಇಳಿಬಿದ್ದಿರುತ್ತಿದ್ದವು. ಸುಡು ಬೇಸಿಗೆಯಲ್ಲೂ ಅಲ್ಲಿ ಛತ್ರಿ ಬಿಚ್ಚುವ ಪ್ರಮೇಯ ಬರುತ್ತಿರಲಿಲ್ಲ. ಹಿಂದುಗಡೆ ಮುಳಾ-ಮುಠಾ ನದಿ, ಸೇತುವೆ ದಾಟಿದರೆ ಯೆರವಡಾ. ನೀರಿನ ದಂಡೆಯ ಬಡಾವಣೆ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಬೇಸಿಗೆಯ ಸಂಜೆ ಅದೇ ನೀರಿನ ವಾಸನೆಗೆ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು ಎನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ.

ಮೂಲೆಯ ಇರಾನಿ ಹೋಟೆಲಿನಲ್ಲಿ ಬನ್ ಮಸ್ಕಾವನ್ನು ಚಹಾದಲ್ಲಿ ಅದ್ದಿಯೇ ತಿನ್ನಬೇಕು. ಪ್ಲೇಟು, ಚಮಚ ಎಂದು ಕೇಳಿದವರನ್ನು ಮಾಲೀಕ ಮೇಲಿಂದ ಕೆಳಗೆ ನೋಡುತ್ತಿದ್ದ. ಕಬ್ಬಿನ ಹಾಲಿಗೆ ಗಾಣಕ್ಕೆ ಗೆಜ್ಜೆ ಕಟ್ಟಿದ ರಸವಂತಿ ಅಂಗಡಿ. ಅಲ್ಲಿ ಐಸು ಬೇಡ, ಶುಂಠಿ ಜಾಸ್ತಿ ಎಂದು ಮೊದಲೇ ಹೇಳಿಬಿಡಬೇಕು. ಹತ್ತಿರದ ಆಶ್ರಮದ ಮರೂನ್ ನಿಲುವಂಗಿಯ ವಿದೇಶಿಯರು ತುಂಬಿರುತ್ತಿದ್ದ ಒಂದು ಬೇಕರಿಯಲ್ಲಿ ಕಾಫಿ ಕಹಿ, ಕೇಕು ಉತ್ತಮ. ಉಡುಪಿ ಹೋಟೆಲಿನಲ್ಲಿ ಇಡ್ಲಿಗೆ ಅಡ್ಡಿಯಿಲ್ಲ, ಆದರೆ ಪುಣೆಯವರ ನಾಲಿಗೆಗೆಂದು ಸಾಂಬಾರಿಗೆ ಕೈತುಂಬ ಬೆಲ್ಲ ಸುರಿಯುತ್ತಿದ್ದರು. ಬಂಗಲೆಯ ಅಂಗಳದಲ್ಲಿ ಕುರ್ಚಿ ಹಾಕಿದ ಒಂದು ರೆಸ್ಟೋರೆಂಟಿಗೆ ನನ್ನ ಯಜಮಾನರು ತಿಂಗಳಿಗೊಮ್ಮೆ ಬಿಯರಿಗೆಂದು ಹೋಗುತ್ತಿದ್ದರು. ನಾನೂ ಒಮ್ಮೆ ಒಂದು ಗುಟುಕು ಕುಡಿದೆ. ಹುಳಿ ಬಂದ ಮಜ್ಜಿಗೆಗಿಂತ ಅದರಲ್ಲಿ ಹೆಚ್ಚಿನದೇನೂ ಇಲ್ಲ ಎಂದು ಅಲ್ಲೇ ತೀರ್ಪು ಕೊಟ್ಟೆ. ಅವರು ಆ ಮಾತಿಗೆ ಇಂದಿಗೂ ನನ್ನನ್ನು ಕ್ಷಮಿಸಿಲ್ಲ.

ಒಂದು ವರ್ಷ ಮಳೆಗಾಲ ಮುಗಿದ ಮೇಲೆ, ಬ್ಯಾಂಕಿನ ಹಿಂದಿನ ಗಲ್ಲಿಯಲ್ಲಿ ನಡೆದು ಹೋಗುತ್ತಿದ್ದಾಗ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಜೋಳದ ರೊಟ್ಟಿ ಬಡಿಯುವ ಸಪ್ಪಳ ಕಿವಿಗೆ ಬಿದ್ದರೆ ನಮ್ಮ ಕಡೆಯವರ ಕಾಲು ತಾನಾಗಿಯೇ ನಿಲ್ಲುತ್ತದೆ. ಹಳೆಯ ಬಂಗಲೆಯೊಂದನ್ನು ಕೆಡವಿ ಐದಂತಸ್ತಿನ ಕಟ್ಟಡ ಏಳುತ್ತಿತ್ತು. ಅದರ ಮುಂದಿನ ಆಲದ ಮರದ ಕೆಳಗೆ ಮೂರು ಕಲ್ಲಿನ ಒಲೆ, ಅದರ ಮೇಲೆ ಹಂಚು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಾದ ಹೆಣ್ಣುಮಗಳೊಬ್ಬಳು ಅಗಲವಾದ ತಟ್ಟೆಯಂಥ ಪರಾತದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಗೋಡೆಗುಂಟ ಇಪ್ಪತ್ತು ಇಪ್ಪತ್ತೈದು ಸ್ಟೀಲ್ ಡಬ್ಬಿಗಳು ಸಾಲಾಗಿ ಕೂತಿದ್ದವು. ಒಂದಕ್ಕೆ ಕೆಂಪು ಚಿಂದಿ ಕಟ್ಟಿತ್ತು, ಒಂದಕ್ಕೆ ಹಸಿರು ದಾರ, ಇನ್ನೊಂದಕ್ಕೆ ಅಂಗಿಯ ಗುಂಡಿ. ಕೂಲಿಯವರ ಊಟದ ಡಬ್ಬಿಗಳಿರಬೇಕು ಎಂದುಕೊಂಡೆ.

"ಯಾವ ಕಡೆಯವಳವಾ?" ಎಂದು ಕೇಳಿದೆ.

ಅವಳು ತಲೆ ಎತ್ತಿ ನೋಡಿದಳು. ಆ ಗಲ್ಲಿಯಲ್ಲಿ ಸೀರೆ ಉಟ್ಟ, ಹೆಗಲಿಗೆ ಪರ್ಸು ಹಾಕಿಕೊಂಡ ಹೆಂಗಸೊಬ್ಬಳು ಕನ್ನಡ ಮಾತಾಡುತ್ತಾಳೆಂದು ಅವಳು ಎಣಿಸಿರಲಿಲ್ಲ. "ಯಾದಗಿರಿ ಕಡೇರಿ ಅಕ್ಕಾರ. ಈಗ ಯೆರವಡಾದಾಗ ಇರ್ತೀವ್ರಿ. ಕೂಡ್ರಿ, ಉಣ್ರಿ, ಉಣ್ಣೂ ಹೊತ್ತಿನಾಗ ಬಂದೀರಿ."

ನಾನು ಬೇಡವೆನ್ನಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ. ಹಂಚಿನಿಂದ ನೇರ ಕೈಗೆ ಬಂದ ರೊಟ್ಟಿಯನ್ನು ಮುರಿದಾಗ ಹಬೆ ಮುಖಕ್ಕೆ ಹೊಡೆಯಿತು. ನನಗೆ ಕಣ್ಣಲ್ಲಿ ನೀರು ಬಂತು. ಒಲೆಯ ಹೊಗೆ ಎಂದು ಹೇಳಿದೆ, ಅದು ಸುಳ್ಳು. ಏಳುವಾಗ ನೋಟು ಕೊಡಲು ಹೋದೆ. ಅವಳು "ಬ್ಯಾಡ್ರಿ, ಬ್ಯಾಡ್ರಿ" ಎಂದು ಕೈ ಹಿಂದಕ್ಕೆ ಎಳೆದುಕೊಂಡಳು. ನಾನು ಅವಳ ಪಕ್ಕದ ಸೌದೆಯ ಮೇಲೆ ನೋಟಿಟ್ಟು ಬಂದೆ. ಮುಂದಿನ ಬುಧವಾರ ಮತ್ತೆ ಹೋದೆ, ಅದರ ಮುಂದಿನ ಬುಧವಾರವೂ. ಪ್ರತಿ ಸಲವೂ ಎರಡು ರೊಟ್ಟಿ, ಪ್ರತಿ ಸಲವೂ ಅದೇ ಜಗ್ಗಾಟ. ನಮ್ಮ ಕಡೆಯ ಮಂದಿ ರೊಕ್ಕ ತೆಗೆದುಕೊಳ್ಳುವ ಮುಂಚೆ ಇಷ್ಟು ಆಟ ಆಡಿಯೇ ಆಡುತ್ತಾರೆ ಎಂದು ನನಗೆ ಗೊತ್ತಿದ್ದದ್ದರಿಂದ, ಇದೊಂದು ಖಾನಾವಳಿ ಎಂದು ಖಾತ್ರಿಯಾಯಿತು.

ಆಗಲೇ ನಮ್ಮ ಕನ್ನಡಿಗರ ಬಳಗದವರು ವಾರ್ಷಿಕ ಸಂಚಿಕೆ ತರುವ ಗಡಿಬಿಡಿಯಲ್ಲಿದ್ದರು. ಬಳಗವೆಂದರೆ ಧಾರವಾಡ, ಬೆಳಗಾವಿ ಕಡೆಯ ಇಂಜಿನಿಯರು, ಡಾಕ್ಟರು, ಪ್ರಾಧ್ಯಾಪಕರು, ನಮ್ಮಂಥ ಬ್ಯಾಂಕಿನವರು. ಪುಣೆಯ ಕಟ್ಟಡಗಳನ್ನು ಕಟ್ಟುತ್ತಿದ್ದ ಕನ್ನಡಿಗರು ನಮಗಿಂತ ಎಷ್ಟೋ ಪಟ್ಟು ಹೆಚ್ಚಿದ್ದರು, ಅವರಲ್ಲಿ ಒಬ್ಬರೂ ಆ ಬಳಗದಲ್ಲಿರಲಿಲ್ಲ. ಅದು ಆಗ ನನಗೆ ವಿಚಿತ್ರ ಅನ್ನಿಸಿರಲೂ ಇಲ್ಲ. ನನ್ನ ಕೈಯಲ್ಲಿ ಎರಡು ಪುಟ ಕೊಟ್ಟು, ಊಟ ತಿಂಡಿಯ ಬಗ್ಗೆ ಬರೆಯಿರಿ ಎಂದರು. ಬರೆದೆ. ಇರಾನಿ ಚಹಾ, ರಸವಂತಿ, ಬೇಕರಿ ಎಲ್ಲ ಹೇಳಿ, ಕೊನೆಗೆ ಆಲದ ಮರದ ಕೆಳಗಿನ ರೊಟ್ಟಿಗೆ ಅರ್ಧ ಪುಟ ಮೀಸಲಿಟ್ಟೆ. ಬ್ಯಾಂಕಿನ ಹಿಂದೆ ಎಡಕ್ಕೆ ತಿರುಗಿ ಮೂರನೇ ಮರ ಎಂದು ದಾರಿಯನ್ನೂ ಬರೆದೆ. ಭಾನುವಾರವೂ ಇರುತ್ತದೆ ಎಂದು ಒತ್ತಿ ಹೇಳಿದೆ.

ಸಂಚಿಕೆ ಹಂಚಿದ ವಾರವೆಲ್ಲ ನನಗೆ ಫೋನಿನ ಮೇಲೆ ಫೋನು. ಹೊಟ್ಟೆ ತಂಪಾಗುವ ಹಾಗೆ ಬರೆದೀರಿ ಎಂದು ನಿವೃತ್ತ ಪ್ರಾಧ್ಯಾಪಕರೊಬ್ಬರು ಹೊಗಳಿದರು. ನಾನು ನೆಲದಿಂದ ಒಂದು ಗೇಣು ಮೇಲೆ ನಡೆಯುತ್ತಿದ್ದೆ. ಭಾನುವಾರ ಯಜಮಾನರನ್ನು ಎಬ್ಬಿಸಿ, ಸ್ಕೂಟರ್ ಹೊರಡಿಸಿ, ನನ್ನ ಬರಹದ ಫಲ ನೋಡಲು ಹೋದೆ.

ಗಲ್ಲಿಯ ತುಂಬ ಕಾರುಗಳು ನಿಂತಿದ್ದವು. ಮರದ ಕೆಳಗೆ ಬಳಗದ ಏಳೆಂಟು ಸಂಸಾರ ಹಳೆಯ ಪೇಪರು ಹಾಸಿಕೊಂಡು ಕೂತಿತ್ತು. "ಇನ್ನೊಂದು ಬಿಸೀದು ಕೊಡವಾ", "ಚಟ್ನಿ ಭಾಳ ಚೊಲೋ ಅದ" ಎಂಬ ಮಾತು ಎಲ್ಲ ಕಡೆಯಿಂದ. ನನ್ನನ್ನು ಕಂಡವರೆಲ್ಲ "ಬರ್ರಿ, ಬರ್ರಿ, ನಿಮ್ಮಿಂದ ಇವತ್ತು ಹಬ್ಬ" ಎಂದರು. ಅವಳು ಮಾತ್ರ ತಲೆ ಎತ್ತಲಿಲ್ಲ. ಒಂದೇ ಸಮ ಬಡಿಯುತ್ತಿದ್ದಳು, ಬೇಯಿಸುತ್ತಿದ್ದಳು, ಎತ್ತಿ ಕೊಡುತ್ತಿದ್ದಳು. ಗಿರಾಕಿ ಹೆಚ್ಚಾಗಿ ಪುರಸೊತ್ತಿಲ್ಲ, ಪಾಪ, ಖುಷಿಯಾಗಿದ್ದಾಳೆ ಎಂದು ಯಜಮಾನರಿಗೆ ಹೇಳಿದೆ.

ಅಷ್ಟರಲ್ಲಿ ಕಟ್ಟಡದಲ್ಲಿ ಊಟದ ಸೀಟಿ ಊದಿದರು. ಆಳುಗಳು ಕೈಕಾಲು ತೊಳೆದುಕೊಂಡು ಬಂದರು, ಹೆಂಗಸರು ಗಂಡಸರು ಸೇರಿ ಇಪ್ಪತ್ತರ ಮೇಲೆ. ಗೋಡೆಯ ಹತ್ತಿರ ಹೋಗಿ ಒಬ್ಬೊಬ್ಬರೂ ತಮ್ಮ ಗುರುತಿನ ಡಬ್ಬಿ ಎತ್ತಿ ಮುಚ್ಚಳ ತೆಗೆದರು. ಒಬ್ಬ ಡಬ್ಬಿಯನ್ನು ಬೋರಲು ಹಾಕಿ ತಳ ತಟ್ಟಿದ. ಸ್ವಲ್ಪ ಬಿಳಿ ಹಿಟ್ಟು ಉದುರಿತು.

ನನಗೆ ಆಗ ಅರ್ಥವಾಯಿತು. ಅವು ಊಟದ ಡಬ್ಬಿಗಳಾಗಿರಲಿಲ್ಲ. ಊರಿಗೆ ಹೋದಾಗ ಚೀಲದಲ್ಲಿ ಹೊತ್ತು ತಂದ ಜೋಳವನ್ನು ಬೀಸಿಸಿ, ಬೆಳಿಗ್ಗೆ ಕೆಲಸಕ್ಕೆ ಹತ್ತುವ ಮುಂಚೆ ಆವತ್ತಿನ ಹಿಟ್ಟನ್ನು ಒಬ್ಬೊಬ್ಬರೂ ಅವಳ ಹತ್ತಿರ ಇಟ್ಟು ಹೋಗುತ್ತಿದ್ದರು. ಅವರವರ ಹಿಟ್ಟಿನಿಂದ ಅವರವರ ರೊಟ್ಟಿ ಬಡಿದು ಅದೇ ಡಬ್ಬಿಯಲ್ಲಿ ಇಡುವುದು ಅವಳ ಕೆಲಸ. ಅದು ಖಾನಾವಳಿಯೇ ಅಲ್ಲ. ಬುಧವಾರಗಳಲ್ಲಿ ನಾನು ತಿಂದದ್ದು ಅವಳ ಸ್ವಂತ ಡಬ್ಬಿಯ ಎರಡು ರೊಟ್ಟಿ, ಅವಳ ಮಧ್ಯಾಹ್ನದ ಊಟ.

ನಮ್ಮವರೆಲ್ಲ ಕೈಯಲ್ಲಿದ್ದ ತುತ್ತು ಹಿಡಿದುಕೊಂಡು ಕೂತರು. ತಲೆಗೆ ಟವೆಲ್ ಸುತ್ತಿದ್ದ ಹಿರಿಯ ಆಳೊಬ್ಬ ಒಮ್ಮೆ ನಮ್ಮ ಕಡೆ ನೋಡಿ, ಒಮ್ಮೆ ಅವಳ ಕಡೆ ನೋಡಿದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ನನಗೂ ಬಾಯಿತ್ತು.

"ಉಣ್ಲಿ ಬಿಡವಾ" ಎಂದ ಅವಳಿಗೆ. "ನಮ್ ಮಂದೀನ ಅದಾರ. ನಾವು ನಾಕ್ಯಾಗ ಹೋಗಿ ವಡಾಪಾವ್ ತಿಂದ ಬರ್ತೀವಿ."

ಅವರು ಸಾಲಾಗಿ ಗಲ್ಲಿ ದಾಟಿ, ರಸ್ತೆಗಳು ಕೂಡುವ ನಾಕೆಯ ಕಡೆ ಹೋದರು. ಬೆಳಗಿನಿಂದ ಇಟ್ಟಿಗೆ ಹೊತ್ತವರು.

ನಾನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ. "ತಂಗಿ, ಇದು ಅವರ ಹಿಟ್ಟು ಅಂತ ಯಾಕ ಹೇಳಲಿಲ್ಲ? ಇಲ್ಲ ಅಂದುಬಿಟ್ಟಿದ್ದರ ಮುಗೀತಿತ್ತಲ್ಲ!" ನನ್ನ ದನಿ ಏರಿತ್ತು. ತಪ್ಪು ನನ್ನದಾದಾಗ ನನ್ನ ದನಿ ಏರುತ್ತದೆ, ಅದು ನನ್ನ ಹಳೆಯ ಚಾಳಿ.

ಅವಳ ಮುಖ ಕೆಂಪಗಾಗಿತ್ತು, ಬರೀ ಒಲೆಯ ಕಾವಿಗಲ್ಲ. "ಉಣ್ಣೂ ಹೊತ್ತಿನಾಗ ಬಂದು, ಹಸಿವಾಗ್ಯದ ಅಂತ ನಮ್ ಮಾತಿನಾಗ ಕೇಳ್ತಾರ. ಇಲ್ಲ ಅಂತ ಹ್ಯಾಂಗ ಅನ್ಲಿರಿ ಅಕ್ಕಾರ? ಒಬ್ರಿಗಂತ ತೆಗದೆ, ಮತ್ತೊಬ್ರು ಬಂದ್ರು."

ಸರಿಪಡಿಸುತ್ತೇನೆ ಎಂದು ಎದ್ದೆ. ನಾನು ಕೈಕಟ್ಟಿ ಕೂರುವವಳಲ್ಲ. ಸ್ಕೂಟರಿನಲ್ಲಿ ಮನೆಗೆ ಹೋಗಿ ನನ್ನ ಹಿಟ್ಟಿನ ಡಬ್ಬಿಯನ್ನು ಇಡಿಯಾಗಿ ಎತ್ತಿಕೊಂಡು ವಾಪಸು ಬಂದೆ. ಬರುವಷ್ಟರಲ್ಲಿ ಕಾರುಗಳು ಹೋಗಿ ಗಲ್ಲಿ ಖಾಲಿ, ಆಳುಗಳು ಮೇಲೆ ಕೆಲಸದಲ್ಲಿ. ಅವಳು ಒಬ್ಬಳೇ ಡಬ್ಬಿಗಳನ್ನು ತೊಳೆಯುತ್ತಿದ್ದಳು. ನಾನು ತಂದದ್ದನ್ನು ನೋಡಿ, "ಯಾರ ಡಬ್ಬಿಗೆ ಎಷ್ಟು ಹಾಕ್ಲಿರಿ?" ಎಂದಳು. ಹಿಟ್ಟನ್ನು ಅಲ್ಲೇ ಇಟ್ಟು ಬಂದೆ. ನಾಳೆಯಿಂದ ಅವರು ಇವಳ ಹತ್ತಿರ ಹಿಟ್ಟು ಇಡುತ್ತಾರೋ ಇಲ್ಲವೋ ಎಂಬುದೊಂದೇ ಚಿಂತೆ ನನ್ನನ್ನು ಆ ರಾತ್ರಿ ನಿದ್ದೆಗೆ ಬಿಡಲಿಲ್ಲ. ಅವಳ ಬದುಕು ನಿಂತಿದ್ದದ್ದೇ ಆ ನಂಬಿಕೆಯ ಮೇಲೆ.

ವಾರವಿಡೀ ಬಳಗದವರಿಗೆ ಫೋನು ಮಾಡಿ ಅಲ್ಲಿಗೆ ಹೋಗಬೇಡಿ ಎಂದು ಹೇಳಿದೆ. ಹೇಳಿದವರೆಲ್ಲ ಅಯ್ಯೋ ಪಾಪ ಎಂದರು. ಆದರೆ ಅಚ್ಚಾದದ್ದು ಅಚ್ಚಾಗಿತ್ತು. ಸಂಚಿಕೆ ಊರಿನ ಇನ್ನೊಂದು ತುದಿಯ ಕೊಂಢವಾದಲ್ಲಿದ್ದ ಯಾರದೋ ಬೀಗರ ಮನೆಯವರೆಗೂ ಹೋಗಿತ್ತು. ಮುಂದಿನ ಭಾನುವಾರ ನಾನೇ ಗಲ್ಲಿಯ ಬಾಯಲ್ಲಿ ನಿಂತು, ಬಂದ ಮೂರು ಕಾರುಗಳನ್ನು ಗದರಿಸಿ ಕಳಿಸಿದೆ. ನಾಲ್ಕನೆಯ ಕಾರಿನವರು, ಪುಸ್ತಕದಲ್ಲಿ ಬರೆದಿದೆಯಲ್ಲ, ನೀವ್ಯಾರು ಹೇಳಲಿಕ್ಕೆ, ಎಂದು ನನಗೇ ನನ್ನ ಬರಹ ತೋರಿಸಿದರು. ವಾರದ ನಡುವೆಯೂ ಜನ ಬರುತ್ತಿದ್ದರಂತೆ. ಬುಧವಾರ ನಾನು ಹೋದಾಗ ಮರದ ಕೆಳಗೆ ಒಲೆಯ ಮೂರು ಕಲ್ಲು ಮಾತ್ರ ಇದ್ದವು. ಕಟ್ಟಡದ ಆಳುಗಳನ್ನು ಕೇಳಿದೆ. "ಹೋದ್ಳ್ರಿ" ಎಂದರು. ಎಲ್ಲಿಗೆ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆರೇಳು ತಿಂಗಳು ಕಳೆದವು. ಜೋಳ ಬೀಸಿಸಲು ನಾನು ಯೆರವಡಾದ ಗಿರಣಿಗೆ ಹೋಗುತ್ತಿದ್ದೆ, ಏಕೆಂದರೆ ಉಳಿದ ಗಿರಣಿಗಳಲ್ಲಿ ಗೋಧಿಯ ಮೇಲೆಯೇ ಜೋಳ ಹಾಕಿ ಕೆಡಿಸುತ್ತಿದ್ದರು. ಒಂದು ಸಂಜೆ ಅಲ್ಲಿ ಪಾಳಿಗೆ ನಿಂತಾಗ ಮುಂದೆ ಅವಳೇ ಇದ್ದಳು. ಕಾಲ ಬಳಿ ಏಳೆಂಟು ಗಂಟುಗಳು, ಒಂದೊಂದಕ್ಕೂ ಬೇರೆ ಬೇರೆ ಬಣ್ಣದ ಚಿಂದಿ. ನನಗೆ ಎಷ್ಟು ಸಂತೋಷವಾಯಿತೆಂದರೆ ಗಿರಣಿಯ ಗದ್ದಲವನ್ನೂ ಮೀರಿ ಕೂಗಿದೆ: "ಅವರ ಹಿಟ್ಟು ನಿನ್ನ ಹತ್ತಿರನ ಅದ ಏನು ಇನ್ನೂ?"

"ಮತ್ತೆಲ್ಲಿ ಹೋಗ್ತದರಿ ಅಕ್ಕಾರ!" ಎಂದು ನಕ್ಕಳು. ನನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ನನ್ನ ಮೊಣಕೈ ಹಿಡಿದು, ಮಕ್ಕಳು ಹೇಗಿದ್ದಾರೆ, ಯಜಮಾನರು ಆರಾಮಿದ್ದಾರಾ ಎಂದೆಲ್ಲ ಕೇಳಿದಳು. ಮನೆಗೆ ಬರ್ರಿ, ಒಂದು ದಿನ ಉಂಡು ಹೋಗ್ರಿ ಎಂದು ಮನೆಯ ಗುರುತನ್ನೂ ಹೇಳಿದಳು.

"ಈಗ ಎಲ್ಲಿ ಕೂಡ್ತೀ ರೊಟ್ಟಿ ಮಾಡಲಿಕ್ಕೆ?" ಎಂದೆ.

"ಅದೊಂದ ಕೇಳಬ್ಯಾಡ್ರಿ."

"ನಾ ಬರಿಯೂದಿಲ್ಲ ತಂಗಿ. ನಿನ್ನಾಣಿ."

"ನೀವು ಬರಿಯಂಗಿಲ್ರಿ, ನನಗ ಗೊತ್ತದ." ಅವಳು ತನ್ನ ಹಿಟ್ಟಿನ ಕೈಯನ್ನು ನನ್ನ ಕೈಯ ಮೇಲೆ ಇಟ್ಟಳು. "ಖರೆ ಯಾರಿಗಾರ ಹೇಳ್ತೀರಿ. ಚೊಲೋದು ತಿಂದ್ರ ಹೇಳ್ದ ಇರಾಕ ನಿಮಗ ಆಗಂಗಿಲ್ಲ."

ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಾಚಿಕೆಯಾಯಿತು, ಇನ್ನೊಬ್ಬರು ನನ್ನನ್ನು ಅಷ್ಟು ಸರಿಯಾಗಿ ಅಳೆದದ್ದು ಅದೇ ಮೊದಲು.

ಅವಳ ಜೋಳ ಬೀಸಿ ಮುಗಿಯಿತು. ಗಂಟುಗಳನ್ನು ತಲೆಗೆ ಏರಿಸಲು ನಾನೇ ಕೈಕೊಟ್ಟೆ. "ಬರ್ತೀನ್ರಿ ಅಕ್ಕಾರ" ಎಂದು ಅವಳು ರಸ್ತೆಗಿಳಿದಳು. ಅಲ್ಲಿಂದ ಬಲಕ್ಕೆ ಹೋದರೆ ಅವಳ ಮನೆ, ಎಡಕ್ಕೆ ಹೋದರೆ ಕೋರೆಗಾಂವ್ ಪಾರ್ಕಿನ ಕಡೆಯ ಸೇತುವೆ. ಎತ್ತ ಹೋದಳೆಂಬುದು ನನಗೆ ಗೊತ್ತಾಗದಿರಲೆಂದು, ಅವಳು ತಿರುಗುವ ಮೊದಲೇ ನಾನು ರಸ್ತೆಗೆ ಬೆನ್ನು ಮಾಡಿ, ಗಿರಣಿಯ ಪಟ್ಟಾ ತಿರುಗುವುದನ್ನೇ ನೋಡುತ್ತ, ನನ್ನ ಪಾಳಿ ಬರುವವರೆಗೂ ಹಾಗೆಯೇ ನಿಂತೆ.