ಸುಂದರಣ್ಣನ ಪೆಟ್ಟಿಗೆಯ ಕಪ್ಪು ಪದರ

ಅದು 2013ರ ಚಳಿಗಾಲ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ಒಂದು ಮಣ್ಣು ಪರೀಕ್ಷೆಯ ಲ್ಯಾಬಿಗೆ ನಾನು ಭೂವಿಜ್ಞಾನಿಯಾಗಿ ಸೇರಿ ಮೂರು ತಿಂಗಳಾಗಿತ್ತು. ಕಟ್ಟಡ ಕಟ್ಟುವ ಮೊದಲು ನೆಲ ಕೊರೆದು, ಆಳದ ಮಣ್ಣನ್ನು ಬಂದ ಕ್ರಮದಲ್ಲೇ ಪೆಟ್ಟಿಗೆಯಲ್ಲಿಟ್ಟು ನಮಗೆ ಕಳಿಸುತ್ತಿದ್ದರು. ಕೊರೆಯುವವರಲ್ಲಿ ಹಿರಿಯರು ನಮ್ಮ ಉಡುಪಿ ಕಡೆಯ ಸುಂದರಣ್ಣ.

ಒಂದು ದಿನ ಅಬುಧಾಬಿ ಹೊರವಲಯದ ಮರಳುಗಾಡಿನಿಂದ ಅವರ ಪೆಟ್ಟಿಗೆ ಬಂತು. ಮೇಲೆ ಮರಳು. ಅದರಡಿ ಬಿಳಿ ಹರಳು, ಚರ್ಮದಂಥ ಕಪ್ಪು ಪದರ, ಕೊನೆಗೆ ಸಣ್ಣ ಸಣ್ಣ ಚಿಪ್ಪುಗಳಿದ್ದ ಬೂದು ಕೆಸರು. ಸಮುದ್ರವೋ ಅಲ್ಲಿಂದ ಐದಾರು ಕಿಲೋಮೀಟರ್ ದೂರ! ಕೊರೆಯಲು ಸೋಮಾರಿತನವಾಗಿ ದಡದ ಕೆಸರು ತುಂಬಿಸಿದ್ದಾರೆಂದು ನಾನು ತೀರ್ಮಾನಿಸಿಬಿಟ್ಟೆ.

ಲ್ಯಾಬಿನ ಅಂಗಳದಲ್ಲಿ ಎಲ್ಲರೆದುರೇ ಕೇಳಿದೆ. "ಎಂತ ಸುಂದರಣ್ಣ, ಬೀಚಿಂದ ತುಂಬಿಸಿಕೊಂಡು ಬಂದ್ರಾ? ನನ್ನನ್ನು ಮಂಗ ಮಾಡ್ಲಿಕ್ಕೆ ನೋಡ್ತೀರಾ?"

"ಇಲ್ಲ ಸರ್, ಕೆಳಗಿಂದ ಬಂದದ್ದನ್ನೇ ಹಾಕಿದ್ದು."

"ಖಲಾಸ್, ಸುಳ್ಳು ಸಾಕು," ಎಂದೆ. ಮ್ಯಾನೇಜರಿಗೂ ಬರೆದೆ. ಹದಿನೆಂಟು ವರ್ಷ ಯಂತ್ರ ನಡೆಸಿದವರನ್ನು ಪೆಟ್ಟಿಗೆ ತೊಳೆಯಲು ಹಾಕಿದರು. ವೀಸಾ ನವೀಕರಣವೂ ಅನುಮಾನವಾಯಿತು.

ಎರಡು ವಾರದ ನಂತರ ಸಮುದ್ರದಂಚಿನ ಉಪ್ಪು ಬಯಲಿನಲ್ಲಿ ಕೆಲಸ ಬಂತು. ಸಾಮಾನು ಇಳಿಸಲು ಸುಂದರಣ್ಣನೂ ಬಂದಿದ್ದರು. "ಸರ್, ಒಮ್ಮೆ ಈಚೆ ಬನ್ನಿ," ಎಂದು ನನ್ನನ್ನು ದೂರಕ್ಕೆ ಕರೆದೊಯ್ದು ಮೊಣಕಾಲಿನಷ್ಟು ಆಳ ಅಗೆದರು. ಬಿಳಿ ಹರಳು. ಕಪ್ಪು ಪದರ. ಬೂದು ಕೆಸರು, ಅವೇ ಚಿಪ್ಪುಗಳು. ಆಚೆ ನೀರಿನಂಚಿನಲ್ಲಿ ಆ ಕಪ್ಪು ಪದರ ಇನ್ನೂ ಹಸಿ ಪಾಚಿಯಾಗಿ ಬೆಳೆಯುತ್ತಿತ್ತು.

"ಈಗ ಇಲ್ಲಿ ಆಗುವುದೇ ಆಗ ಅಲ್ಲಿ ಆದದ್ದು ಸರ್. ಸಮುದ್ರ ಅಲ್ಲಿವರೆಗೆ ಇತ್ತು, ಆಮೇಲೆ ಹಿಂದೆ ಹೋಯ್ತು. ನಾನು ಸುಮಾರು ಕಡೆ ನೋಡಿದ್ದೇನೆ."

ಇಂದು ನಡೆಯುವುದನ್ನು ನೋಡಿ ಭೂಮಿಯ ಹಿಂದಿನ ಕಥೆ ತಿಳಿಯಬೇಕೆಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ರ‍್ಯಾಂಕ್ ಪಡೆದವನು ನಾನು! ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರಲ್ಲ, ನನ್ನಲ್ಲಿ ಆ ಒಕ್ಕಾಲು ಮಾತ್ರ ಇತ್ತು. ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಅಲ್ಲೇ ಕ್ಷಮೆ ಕೇಳಿದೆ.

"ಇರಲಿ ಸರ್. ಮೆಷಿನ್ ಒಂದು ವಾಪಸ್ ಕೊಡಿಸಿ," ಎಂದರು. ಮ್ಯಾನೇಜರಿಗೆ ತಪ್ಪೊಪ್ಪಿಕೊಂಡು ಬರೆದೆ. ಯಂತ್ರ ಸಿಕ್ಕಿತು, ವೀಸಾವೂ ಆಯಿತು.

ಆದರೆ ನಾನು ಬೈದದ್ದು ಇಪ್ಪತ್ತು ಜನರ ಮುಂದೆ, ಕ್ಷಮೆ ಕೇಳಿದ್ದು ಯಾರೂ ಇಲ್ಲದ ಬಯಲಿನಲ್ಲಿ. ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿ ಜೊತೆಗಾರರು ಅವರನ್ನು 'ಬೀಚ್ ಸುಂದರ' ಎಂದೇ ಕರೆಯುತ್ತಿದ್ದರಂತೆ, ಅವರು ಕೆಲಸ ಬಿಟ್ಟು ಊರಿಗೆ ಹೋಗುವವರೆಗೂ. ಅದೇ ಅಂಗಳದಲ್ಲಿ ನಿಂತು ನಾನು ಒಂದು ಮಾತು ಹೇಳಿದ್ದರೆ ಆ ಹೆಸರು ಅಳಿಯುತ್ತಿತ್ತು. ನಾಳೆ ಹೇಳೋಣ, ನಾಳೆ ಹೇಳೋಣ ಅಂದುಕೊಂಡೇ ಎರಡು ವರ್ಷ ಕಳೆದೆ. ಹೇಳಲಿಲ್ಲ.