ಮೈಕಿಯ ಚರಣ

ಡಿಂಪ್ನಾ ಹೆಹಿರ್ ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದಳು. ಐರ್ಲೆಂಡಿನ ಪಶ್ಚಿಮ ಕ್ಲೇರ್‌ನ ಆ ಕಡಲ ದಂಡೆಯಲ್ಲಿ ಮೂವತ್ತು ದಾಟಿದವರೆಲ್ಲ ಒಂದಲ್ಲ ಒಂದು ದಿನ ಅವಳಿಂದ ಬೈಸಿಕೊಂಡವರೇ. ಆ ಗಂಟಲು ಒಂದು ಕಾಲದಲ್ಲಿ ರೇಡಿಯೋದಲ್ಲಿ ಹಾಡುತ್ತಿತ್ತು ಎಂದರೆ ಮಕ್ಕಳು ನಗುತ್ತಿದ್ದರು. ಅವಳೂ ನಂಬಿಸಲು ಹೋಗುತ್ತಿರಲಿಲ್ಲ.

ಎಪ್ಪತ್ತನಾಲ್ಕನೆಯ ಇಸವಿಯಲ್ಲಿ, ಇಪ್ಪತ್ತೆರಡರ ಹುಡುಗಿ, ಗಿಟಾರು ಹೆಗಲಿಗೇರಿಸಿಕೊಂಡು ಡಬ್ಲಿನ್‌ಗೆ ಹೋಗಿ ನಾಲ್ಕೇ ದಿನದಲ್ಲಿ ಒಂದು ಆಲ್ಬಂ ಹಾಡಿ ಬಂದಳು. ಹತ್ತು ಹಾಡುಗಳಲ್ಲಿ ಒಂಬತ್ತು ಅವಳೇ ಕಟ್ಟಿದ್ದು. ಜನ ತಲೆಯ ಮೇಲೆ ಹೊತ್ತು ಕುಣಿದದ್ದು ಮಾತ್ರ ಹತ್ತನೆಯದನ್ನು. ಅದರ ಬಲದ ಮೇಲೆ ಇಂಗ್ಲೆಂಡು, ಜರ್ಮನಿ ಸುತ್ತಿದಳು. ಎರಡನೆಯ ಆಲ್ಬಂ ಬಂದದ್ದು ಹೆತ್ತ ತಾಯಿಗೂ ಸರಿಯಾಗಿ ಗೊತ್ತಾಗಲಿಲ್ಲ. ಮೂರನೆಯದು ಆಗಲೇ ಇಲ್ಲ. ಊರಿಗೆ ಮರಳಿ ಶಾಲೆಯ ಬಸ್ಸಿನ ಸ್ಟೇರಿಂಗ್ ಹಿಡಿದಳು.

ಹತ್ತನೆಯ ಹಾಡು ನೆರೆಮನೆಯ ಥೇಡಿ ಕಾನ್ಸಿಡೈನ್‌ನದು. ತನ್ನ ತಮ್ಮ ಮೈಕಿ ಏಡಿ ಹಿಡಿಯುವ ಬುಟ್ಟಿಗಳನ್ನು ಎತ್ತಲು ಹೋಗಿ ಮುಳುಗಿದ ವರ್ಷ ಥೇಡಿ ಅದನ್ನು ಕಟ್ಟಿದ್ದ. ಏಳು ಚರಣ. ಆರನೆಯದರಲ್ಲಿ ಮೈಕಿಯ ಹೆಸರಿತ್ತು, ಅವನ ದೋಣಿಯಿತ್ತು, ಅವನು ಸಿಕ್ಕ ಮರಳಿನ ದಂಡೆಯಿತ್ತು. ಭಾನುವಾರ ಚರ್ಚಿನಿಂದ ನೇರ ಪಬ್ಬಿಗೆ ಬಂದವರ ನಡುವೆ ಥೇಡಿ ಕಣ್ಣು ಮುಚ್ಚಿ ಹಾಡುತ್ತಿದ್ದ. ಹಾಡುವವನ ಕೈಯನ್ನು ಪಕ್ಕದವರು ಹಿಡಿದುಕೊಳ್ಳಬೇಕು, ಅದು ಅಲ್ಲಿಯ ರೂಢಿ. ಎಷ್ಟೋ ಸಲ ಆ ಕೈ ಹಿಡಿದವಳು ಡಿಂಪ್ನಾ. ಹೊರಗಿನವರು ಯಾರ ಹಾಡೆಂದು ಕೇಳಿದರೆ ಥೇಡಿ, "ಯಾರದ್ದೋ ಹಳೇದು, ಎಲ್ಲೋ ಕೇಳಿದ್ದೆ" ಎಂದುಬಿಡುತ್ತಿದ್ದ. ತಾನೇ ಕಟ್ಟಿದ್ದು ಎಂದು ಹೇಳಿಕೊಳ್ಳುವುದು ಆ ಜನಕ್ಕೆ ಜಂಭ. ಗೊತ್ತಿಲ್ಲದವರೆದುರು ಸತ್ತ ತಮ್ಮನ ಹೆಸರೆತ್ತಿ ಮರುಕ ಬೇಡುವುದು ಅದಕ್ಕಿಂತ ಕೀಳು. ಕೂತವರೆಲ್ಲ ಎಲ್ಲ ಗೊತ್ತಿದ್ದೂ "ಹೌದ್ಹೌದು, ಹಳೇದು" ಎಂದು ತಲೆಯಾಡಿಸುತ್ತಿದ್ದರು.

ಡಬ್ಲಿನ್‌ನ ಕಂಪನಿಯವನು ಆಲ್ಬಂನ ಹೊದಿಕೆಯ ಮೇಲೆ ಅಚ್ಚು ಹಾಕಿಸಲು "ಇದು ಯಾರದು?" ಎಂದು ಕೇಳಿದಾಗ ಡಿಂಪ್ನಾ ಊರಿನ ಮರ್ಯಾದೆಯ ಉತ್ತರವನ್ನೇ ಕೊಟ್ಟಳು. "ಹಳೇದು. ನಮ್ ಕಡೆ ಹಾಡ್ತಾರೆ." ಅವನು 'ಸಾಂಪ್ರದಾಯಿಕ' ಎಂದು ಬರೆದುಕೊಂಡ. ಆಮೇಲೆ, ಹಾಡು ಉದ್ದವಾಯಿತು, ಒಂದು ಚರಣ ಬಿಡು ಎಂದ. ಮೈಕಿ ಯಾರೆಂದು ಡಬ್ಲಿನ್‌ನವರಿಗೆ ಏನು ಗೊತ್ತು ಎಂದುಕೊಂಡು ಅವಳು ಆರನೆಯದನ್ನೇ ಬಿಟ್ಟಳು. ಹೆಸರು ಹೇಳದೆ ಹೋದದ್ದು ಸಂಕೋಚ. ಚರಣ ಬಿಟ್ಟದ್ದು ಆಸೆ.

ಆಲ್ಬಂ ಬಂದ ಮೇಲಿನ ಮೊದಲ ಭಾನುವಾರ ಪಬ್ಬಿನಲ್ಲಿ ಯಾರೋ ಥೇಡಿಯನ್ನು ಹಾಡಲು ಕರೆದರು.

"ನಾನ್ಯಾಕೆ? ಪ್ಲೇಟ್‌ನಲ್ಲಿ ಚೆನ್ನಾಗೇ ಹಾಡಿದಾರಲ್ಲ, ಅದನ್ನೇ ಹಾಕಿ" ಎಂದ ಥೇಡಿ.

ಮತ್ತೆ ಅವನು ಅದನ್ನು ಯಾರೆದುರೂ ಹಾಡಲಿಲ್ಲ. ಡಿಂಪ್ನಾಳನ್ನು ಒಂದು ಮಾತೂ ಅನ್ನಲಿಲ್ಲ. ದಾರಿಯಲ್ಲಿ ಬಸ್ಸು ಎದುರಾದರೆ ಒಂದು ಬೆರಳೆತ್ತಿ ನಮಸ್ಕಾರ ಹೇಳುತ್ತಿದ್ದ. ಬೈದಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು. ಆ ಬೆರಳು ಇಪ್ಪತ್ತಾರು ವರ್ಷ ಅವಳನ್ನು ಚುಚ್ಚಿತು.

ನಲವತ್ತು ವರ್ಷ ತುಂಬಿತೆಂದು ಕಂಪನಿ ಆ ಆಲ್ಬಂ ಮತ್ತೆ ಹೊರತರಲು ಹೊರಟಿತು. ಫಿಡೆಲ್ಮಾ ಎಂಬಾಕೆ ಫೋನು ಮಾಡಿದಳು.

"ತಿದ್ದೋದು ಏನಾದ್ರೂ ಇದ್ರೆ ಈಗ್ಲೇ ಹೇಳಿ. ಹೊಸದಾಗಿ ಹಾಡಿಕೊಟ್ರೂ ಸೇರಿಸ್ತೀವಿ."

ಡಿಂಪ್ನಾ ಥೇಡಿಯ ಹೆಸರು ಬರೆಸಿದಳು. ಅದು ಸುಲಭ. ಏಳೂ ಚರಣ ಮತ್ತೆ ಹಾಡುತ್ತೇನೆ ಎಂದು ಫೋನಿಟ್ಟು, ಅಡುಗೆಮನೆಯ ಮೇಜಿನ ಮೇಲೆ ಬರೆಯಲು ಕೂತಳು. ಐದು ಬಂದವು. ಏಳನೆಯದು ಬಂತು. ಆರನೆಯದು ಬರಲಿಲ್ಲ. ಧಾಟಿ ಬಂತು, ಮೈಕಿ ಎಂಬ ಹೆಸರು ಬಂತು, ಸುತ್ತಲಿನ ಮಾತು ಒಂದೂ ಬರಲಿಲ್ಲ. ಪಬ್ಬಿನಲ್ಲಿ ಅದನ್ನು ಕೇಳಿ ಕಲಿತಿದ್ದ ಹಿರಿಯರೆಲ್ಲ ಮಣ್ಣು ಸೇರಿದ್ದರು. ಉಳಿದವನು ಥೇಡಿಯೊಬ್ಬ. ಎಂಬತ್ತೊಂಬತ್ತು ವರ್ಷ, ಕಿಲ್‌ರಷ್ ದಾರಿಯ ವೃದ್ಧಾಶ್ರಮದಲ್ಲಿದ್ದ.

ಗುರುವಾರ ಮಧ್ಯಾಹ್ನ ಒಣದ್ರಾಕ್ಷಿ ಹಾಕಿದ ಬ್ರೆಡ್ಡು ಕಟ್ಟಿಕೊಂಡು ಹೋದಳು. ದಾರಿಯುದ್ದಕ್ಕೂ ತಪ್ಪೊಪ್ಪಿಗೆಯ ಮಾತು ಜೋಡಿಸುತ್ತಿದ್ದಳು.

"ಒಂದೊಂದಿನ ಒಂದೊಂದ್ ಥರ ಇರ್ತಾರೆ. ಹಾಡು ಅಂದ್ರೆ ಮಾತ್ರ ಎದ್ದು ಕೂರ್ತಾರೆ" ಎಂದಳು ನರ್ಸು.

ಥೇಡಿ ಕಿಟಕಿಯ ಬಳಿ ಕೂತಿದ್ದ. "ಯಾರ ಪೈಕಿ ನೀನು?"

"ಹೆಹಿರ್ ಮನೆಯವಳು."

"ಆ ಬಸ್ಸಿನವಳ ಮನೆಯವಳಾ? ಅಬ್ಬಾ, ಅವಳ ಬಾಯಿ! ಸಮುದ್ರದ ಹಕ್ಕಿಗಳೂ ದಾರಿ ಬಿಡ್ತವೆ."

ಅವಳು ನಕ್ಕು ಕೈ ಹಿಡಿದುಕೊಂಡಳು. ಕೈ ಹಿಡಿದದ್ದೇ ತಡ, ಅವನು ಕಣ್ಣು ಮುಚ್ಚಿ ಹಾಡಿಗೆ ತೊಡಗಿದ. ಅದೇ ಹಾಡು. ಕಂಠ ಸವೆದಿತ್ತು, ಧಾಟಿ ಕೆಟ್ಟಿರಲಿಲ್ಲ. ಐದನೆಯದು ಮುಗಿಯಿತು. ಡಿಂಪ್ನಾ ಕಿವಿಗೊಟ್ಟು ಮುಂದಕ್ಕೆ ಬಾಗಿದಳು.

ಥೇಡಿ ನೇರ ಏಳನೆಯದಕ್ಕೆ ಹೋದ. ಅವಳು ಡಬ್ಲಿನ್‌ನಲ್ಲಿ ಚರಣ ಹಾರಿಸುವಾಗ ಎಳೆದುಕೊಂಡಿದ್ದ ಉಸಿರನ್ನೂ ಅದೇ ಜಾಗದಲ್ಲಿ ಎಳೆದುಕೊಂಡ. ರೇಡಿಯೋದವರು ನಲವತ್ತು ವರ್ಷ ಕೇಳಿಸಿದ್ದು ಅವನೊಳಗೆ ಕೂತು, ಅವನದನ್ನು ಹೊರಗೆ ಹಾಕಿತ್ತು.

"ಥೇಡಿ, ಒಂದು ಚರಣ ಬಿಟ್ರಿ. ಮೈಕಿದು."

ಅವನಿಗೆ ಸಿಟ್ಟು ಬಂತು. "ಮೈಕಿ ಯಾಕೆ ಬರ್ತಾನೆ ಇದ್ರಲ್ಲಿ? ಮುಳುಗಿ ಸತ್ತವನ ಹಾಡು ಇದು. ಬಿಡ್ತು ಅನ್ನು ಮಗಳೇ! ಮೈಕಿ ಬುಟ್ಟಿ ಎತ್ತೋಕೆ ಹೋಗಿದಾನೆ. ಚಹಾದ ಹೊತ್ತಿಗೆ ಬರ್ತಾನೆ."

ನೀವೇ ಕಟ್ಟಿದ ಹಾಡು, ನಾನು ಕದ್ದೆ ಎಂಬ ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು. ನಲವತ್ತು ವರ್ಷ ಹೊತ್ತ ಮಾತು. ಅದನ್ನು ಹೇಳಿದರೆ ಅವಳ ಭಾರ ಇಳಿಯುತ್ತಿತ್ತು, ಮೈಕಿ ಆ ಕೋಣೆಯಲ್ಲಿ ಇನ್ನೊಮ್ಮೆ ಮುಳುಗುತ್ತಿದ್ದ. ಅವಳು ನುಂಗಿಕೊಂಡಳು.

"ಯಾರು ಕಟ್ಟಿದ್ನೋ ಪಾಪ," ಎಂದ ಥೇಡಿ ಮೆತ್ತಗಾಗಿ. "ಎಷ್ಟು ಸಂಕಟಪಟ್ಟಿದ್ನೋ."

"ಪಟ್ಟಿರ್ಬೇಕು."

"ನಿಂಗೂ ಬರುತ್ತಾ ಈ ಹಾಡು?"

"ಅರ್ಧಂಬರ್ಧ ಬರುತ್ತೆ."

"ಮೈಕಿಗೆ ಒಂದ್ ಸಾಲೂ ಬರಲ್ಲ. ಕೂತಿರು, ಈಗ ಬಂದ್ಬಿಡ್ತಾನೆ. ನೀನೇ ಹೇಳ್ಕೊಡು."

ಡಿಂಪ್ನಾ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಅವನ ಜೊತೆ ಬಾಗಿಲ ಕಡೆ ನೋಡುತ್ತಾ ಕೂತಳು.