ಕೂಗಿ ಹೇಳಿದ ತೂಕ

ಕಡೂರು ಸ್ಟೇಷನ್ನಿನಲ್ಲಿ ತರೀಕೆರೆಯ ರೈಲಿಗೆ ಕಾಯುತ್ತಿದ್ದೆ. ಹಮಾಲಿಯೊಬ್ಬ ಪಾರ್ಸೆಲ್ ತಕ್ಕಡಿಯ ಮೇಲೆ ಈರುಳ್ಳಿ ಮೂಟೆ ಇಟ್ಟು "ನಲವತ್ತೆರಡೂ!" ಎಂದು ಕೂಗಿದ. ಮೂಟೆಗೇನೂ ಬೇಸರವಾದಂತೆ ಕಾಣಲಿಲ್ಲ. ನನ್ನ ಮುಖ ಮಾತ್ರ ಬಿಸಿಯಾಯಿತು. ನೀವು ನಗಬಹುದು, ಕಾರಣವಿದೆ.

ಕೆಲವು ವರ್ಷಗಳ ಹಿಂದೆ, ಎಂ.ಎಸ್ಸಿ. ಮುಗಿಸಿದ ಹೊಸತರಲ್ಲಿ, ಶಿವನಿ ಬಳಿಯ ಹಳ್ಳಿಯೊಂದರ ಬಾಲವಾಡಿಗೆ ಮಕ್ಕಳ ತೂಕ ಬರೆದುಕೊಳ್ಳಲು ಹೋಗಿದ್ದೆ. ಅಲ್ಲಿ ಗೋಧಿ, ಕಡಲೆ, ಬೆಲ್ಲದ ಪುಡಿ ಕಲಸಿ ದಿನವೂ ಉಂಡೆ ಕೊಡುತ್ತಿದ್ದರು. ತೂಕ ಮಾಡಿಸದ ಮಗುವಿಗೆ ಉಂಡೆಯಿಲ್ಲ ಎಂಬುದು ನಿಯಮ. ಗಂಗಮ್ಮ ಎಂಬಾಕೆಯ ಎರಡು ವರ್ಷದ ಮಗಳನ್ನು ಕೊಕ್ಕೆ ತಕ್ಕಡಿಯ ಜೋಳಿಗೆಯಲ್ಲಿ ಕೂರಿಸಿ, ಕಲಿತಂತೆ ಸ್ಪಷ್ಟವಾಗಿ ಓದಿದೆ: "ಏಳೂವರೆ ಕೆ.ಜಿ!"

ಎರಡು ವರ್ಷಕ್ಕೆ ಅದು ತೀರಾ ಕಡಿಮೆ. ಸಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಗಂಗಮ್ಮ ಮಗುವಿನ ಮೇಲೆ ಸೆರಗು ಮುಚ್ಚಿ ಹೊರಟೇಹೋದಳು. ಮರುದಿನ ಅವಳ ಬೀದಿಯ ಒಂದು ಮಗುವೂ ಬರಲಿಲ್ಲ.

ನನ್ನ ನಮೂನೆಯಲ್ಲಿ 'ಬಾರದಿರಲು ಕಾರಣ' ಎಂಬ ಕಾಲಂ ಇತ್ತು: ದೂರ, ಕೂಲಿ ಕೆಲಸ, ಅಜ್ಞಾನ. 'ಅಜ್ಞಾನ'ಕ್ಕೆ ಗುರುತು ಹಾಕುವುದರಲ್ಲಿದ್ದೆ. ಬಾಲವಾಡಿಯ ಟೀಚರ್ ತಡೆದರು.

"ಸಂತೇಲಿ ಕೂಗ್ದಂಗೆ ಕೂಗಿದ್ರಲ್ರೀ. ಮಗೀಗೆ ದೃಷ್ಟಿ ಆಗಲ್ವಾ? ಮೊದ್ಲು ಹೋಗಿ ಮಾತಾಡ್ಸಿ."

ಹೋದೆ. ಗಂಗಮ್ಮ ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ.

"ನಿಮ್ದೆಷ್ಟು ತೂಕ, ಅಮ್ಮಾವ್ರೇ? ಕೂಗಿ ಹೇಳಿ, ಬೀದಿಯೋರೂ ಕೇಳ್ಲಿ."

ಬಂದ ದಾರಿಯಲ್ಲೇ ಹಿಂದಿರುಗಿದೆ. ಹಾಸ್ಟೆಲಿನ ಗೆಳತಿಗೂ ನಾನು ನನ್ನ ತೂಕ ಹೇಳಿದವಳಲ್ಲ. ಆದರೆ ಆ ಏಳೂವರೆ ನನ್ನನ್ನು ನಿದ್ದೆ ಮಾಡಗೊಡಲಿಲ್ಲ. ಆ ಮಗುವಿಗೆ ಉಂಡೆ ತಪ್ಪಿದ್ದು ನನ್ನ ಬಾಯಿಂದ.

ಮೂರನೆಯ ದಿನ ಈರುಳ್ಳಿ ಮಂಡಿಯಿಂದ, ಮೇಲೆ ಹತ್ತಿ ನಿಲ್ಲಬಹುದಾದ ತಕ್ಕಡಿಯನ್ನು ಗಾಡಿಯಲ್ಲಿ ಆ ಬೀದಿಗೇ ತರಿಸಿದೆ. ಎಲ್ಲರೆದುರು ನಾನೇ ಹತ್ತಿ, "ಕೂಗಿ, ಟೀಚರ್" ಎಂದೆ.

"ನಲವತ್ತೊಂದೂ!"

"ಅಯ್ಯೋ, ಈಯಮ್ಮಂಗೂ ಒಂದು ಉಂಡೆ ಕೊಡ್ರೇ!" ಎಂದಳು ಗಂಗಮ್ಮ. ಬೀದಿಯೆಲ್ಲ ನಕ್ಕಿತು.

ಆ ನಗು ನಿಲ್ಲುವ ಮೊದಲೇ ಹೇಳಿದೆ: "ಮಗೂನ ತೂಗೋದೇ ಬೇಡ. ಎತ್ಕೊಂಡು ಒಂದ್ಸಲ ನಿಲ್ಲಿ, ಬಿಟ್ಟು ಒಂದ್ಸಲ ನಿಲ್ಲಿ. ನಾನು ಮನಸ್ಸಲ್ಲೇ ಕಳೆದು ಲೆಕ್ಕ ಹಾಕ್ತೀನಿ."

"ಬಾಯಿ ಬಿಡಲ್ಲ ತಾನೇ?"

"ಬಿಡಲ್ಲ."

ಗಂಗಮ್ಮ ಹತ್ತಿದಳು. ಉಳಿದವರೂ ಹತ್ತಿದರು. ಸುಗ್ಗಿಯ ಹೊತ್ತಿಗೆ ಗಂಗಮ್ಮನ ಲೆಕ್ಕದಲ್ಲಿ ಕಳೆದು ಉಳಿದದ್ದು ಒಂಬತ್ತಾಯಿತು. ಬರೆದುಕೊಂಡೆ, ಕೂಗಲಿಲ್ಲ. ಅವಳು ನನ್ನ ಮುಖ ನೋಡಿಯೇ ತಿಳಿದುಕೊಂಡಳು.

ಈಗ ತರೀಕೆರೆಯಲ್ಲಿ ಬಾಲವಾಡಿಗಳಿಗೆ ಹೊಸದಾಗಿ ಸೇರಿದ ಹುಡುಗಿಯರಿಗೆ ಮಕ್ಕಳನ್ನು ತೂಗುವುದು ಕಲಿಸಬೇಕು. ಮೊದಲು ಅವರೇ ತಕ್ಕಡಿ ಹತ್ತಬೇಕು. ಅವರಿಗಿಂತ ಮೊದಲು ನಾನು. ಅಭ್ಯಾಸ ತಪ್ಪಿತ್ತು. ಬ್ಯಾಗು ಕೆಳಗಿಟ್ಟು ಹಮಾಲಿಯ ಬಳಿ ಹೋದೆ.

"ನನ್ನ ತೂಕ ನೋಡ್ತೀರಾ?"

ಅವನು ಮುಳ್ಳು ನೋಡಿ, ಸಂಕೋಚದಿಂದ ದನಿ ತಗ್ಗಿಸಿದ. "ಮೆಲ್ಲಗೆ ಹೇಳ್ಲಾ, ಅಮ್ಮಾ?"

"ಬೇಡ," ಎಂದೆ. "ಕೂಗಿ."